ತಂಗಿಗೆ ಮೂವತ್ತಾಗಬೇಕು

ಹತ್ತನೇ ಕ್ಲಾಸು ಮುಗಿಸದ ಅಣ್ಣ-ತಂಗಿ ಇದ್ದಾರೆ ಅಂದುಕೊಳ್ಳಿ. ಅಣ್ಣನಿಗೆ 24, ತಂಗಿಗೆ 22. ಇಬ್ಬರಿಗೂ ಕುವೈತಿನಲ್ಲಿ ಕೆಲಸ ಸಿಕ್ಕಿದೆ. ಅಣ್ಣ ಕಾಗದಪತ್ರ ಮಾಡಿಸಿಕೊಂಡು ವಿಮಾನ ಹತ್ತಬಹುದು. ತಂಗಿ ಇನ್ನೂ ಎಂಟು ವರ್ಷ ಕಾಯಬೇಕು. ಇದು ಊರ ಹಿರಿಯರ ಕಟ್ಟುಪಾಡಲ್ಲ, ಭಾರತ ಸರ್ಕಾರದ ನಿಯಮ.

ಹತ್ತನೇ ಕ್ಲಾಸು ಪಾಸಾಗದವರಿಗೆ ಸಾಮಾನ್ಯವಾಗಿ ಸಿಗುವುದು ‘ಇಸಿಆರ್’ ಪಾಸ್‌ಪೋರ್ಟು, ಅಂದರೆ ವಲಸೆ ತಪಾಸಣೆ ಆಗಬೇಕಾದದ್ದು. ಅದನ್ನು ಹಿಡಿದು ಗಲ್ಫ್, ಮಲೇಷ್ಯಾ, ಜೋರ್ಡಾನ್‌ನಂಥ ಕಡೆ ದುಡಿಯಲು ಹೋಗಬೇಕಾದರೆ ಸರ್ಕಾರದ ಒಪ್ಪಿಗೆ ಬೇಕು. 1983ರ ವಲಸೆ ಕಾಯ್ದೆ ಹೇಳುವುದು ಅದನ್ನೇ. ಏಜೆಂಟರ ಕೈಗೆ ಸಿಕ್ಕಿ ಬಡವರು ಮುಳುಗಬಾರದು ಅಂತ. 2007ರಲ್ಲಿ ಇದರ ಮೇಲೆ ಇನ್ನೊಂದು ಬೀಗ ಬಿತ್ತು. ಇಂಥ ಪಾಸ್‌ಪೋರ್ಟಿನ ಹೆಂಗಸರಿಗೆ 30 ತುಂಬಿರಲೇಬೇಕು, ಕೆಲಸ ಯಾವುದೇ ಇರಲಿ.

ಭಯಕ್ಕೆ ಕಾರಣ ಇರಲಿಲ್ಲ ಅಂತಲ್ಲ. ಗಲ್ಫಿನಲ್ಲಿ ‘ಕಫಾಲಾ’ ಪದ್ಧತಿ ಇದೆ. ಕೆಲಸಕ್ಕೆ ಕರೆಸಿಕೊಂಡವನು ಕಫೀಲ್. ವೀಸಾ ಅವನಿಗೆ ಗಂಟುಬಿದ್ದಿರುತ್ತದೆ. ಅವನ ಮನೆ ಬಿಟ್ಟು ಹೊರಬಿದ್ದರೆ ‘ಓಡಿಹೋದಳು’ ಅಂತ ದೂರು ಕೊಡುತ್ತಾನೆ, ಅಲ್ಲಿಗೆ ಅವಳೇ ಅಪರಾಧಿ. ಕಟ್ಟಡ ಕೆಲಸದ ಗಂಡಸಿಗೂ ಕಫೀಲ್ ಇರುತ್ತಾನೆ, ನಿಜ. ಆದರೆ ಕ್ಯಾಂಪಿನಲ್ಲಿ ಕಷ್ಟ ಹೇಳಿಕೊಳ್ಳಲು ನಾಲ್ಕು ಜನ ಇರುತ್ತಾರೆ. ಮನೆಗೆಲಸದವಳು ಮುಚ್ಚಿದ ಬಾಗಿಲ ಹಿಂದೆ ಒಬ್ಬಳೇ. ಎಷ್ಟೋ ಸಲ ಪಾಸ್‌ಪೋರ್ಟು ಯಜಮಾನನ ಬೀರುವಿನಲ್ಲಿ. ಅಲ್ಲಿನ ಕಾರ್ಮಿಕ ಕಾನೂನುಗಳೂ ಬಹುಕಾಲ ಅವಳನ್ನು ಕೆಲಸಗಾರ್ತಿ ಅಂತ ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ.

ಆದರೆ ತಪ್ಪು ಮಾಡಿದವನು ಯಜಮಾನ, ಬೀಗ ಬಿದ್ದದ್ದು ಹುಡುಗಿಗೆ. ವಿಚಿತ್ರ ಅಲ್ವಾ?

ಅಕ್ಕಪಕ್ಕದ ದೇಶಗಳೂ ಇದನ್ನೇ ಮಾಡಿದವು. ಕುವೈತಿನಲ್ಲಿ ಮನೆಗೆಲಸಕ್ಕಿದ್ದ ಕಾನಿ ಶೇರ್ಪಾ 1998ರಲ್ಲಿ ಸತ್ತಾಗ, ನೇಪಾಳ ತನ್ನ ಹೆಂಗಸರು ಗಲ್ಫಿಗೆ ದುಡಿಯಲು ಹೋಗುವುದನ್ನೇ ತಡೆಯಿತು. ಅವರು ಹೋಗುವುದು ನಿಲ್ಲಲಿಲ್ಲ, ದಾರಿ ಬದಲಾಯಿತು ಅಷ್ಟೇ. ಭಾರತದ ಗಡಿ ದಾಟಲು ಪಾಸ್‌ಪೋರ್ಟು ತೋರಿಸಬೇಕಿಲ್ಲ. ದೆಹಲಿ, ಮುಂಬೈಗೆ ಬಂದು ಅಲ್ಲಿಂದ ವಿಮಾನ ಹತ್ತಿದರು.

ಶ್ರೀಲಂಕಾದ ರಿಝಾನಾ ನಫೀಕ್ 2005ರಲ್ಲಿ ಸೌದಿಗೆ ಹೋದಾಗ ಅವಳಿಗೆ 17 ವರ್ಷ. ಪಾಸ್‌ಪೋರ್ಟಿನಲ್ಲಿ ಮಾತ್ರ 23. ವಯಸ್ಸಿನ ಮಿತಿ ದಾಟಿಸಲು ಏಜೆಂಟರಿಗೆ ಜಾಸ್ತಿ ಹೊತ್ತು ಬೇಕಿಲ್ಲ. ಅವಳು ನೋಡಿಕೊಳ್ಳುತ್ತಿದ್ದ ಕೂಸು ತೀರಿಕೊಂಡಿತು, ಕೊಲೆ ಆರೋಪ ಬಂತು, 2013ರ ಜನವರಿಯಲ್ಲಿ ತಲೆ ಕಡಿದರು. ಅದೇ ವರ್ಷ ಶ್ರೀಲಂಕಾ ವಯಸ್ಸಿನ ಮಿತಿ ಏರಿಸಿತು. ಜೊತೆಗೆ, ಐದು ವರ್ಷದೊಳಗಿನ ಮಕ್ಕಳಿರುವ ತಾಯಿ ಮನೆಗೆಲಸಕ್ಕೆ ಹೊರದೇಶಕ್ಕೆ ಹೋಗುವಂತಿಲ್ಲ ಅಂದಿತು. ಅಪ್ಪಂದಿರನ್ನು ಯಾರೂ ಕೇಳಲಿಲ್ಲ.

ನಮ್ಮಲ್ಲಿ ಹಿಂಬಾಗಿಲು ಅಂದರೆ ವಿಸಿಟ್ ವೀಸಾ. ಪಕ್ಕದ ಆಂಧ್ರದ ಕಡಪ, ಗೋದಾವರಿ ಜಿಲ್ಲೆಗಳ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತು. ನೆಂಟರನ್ನು ನೋಡಲು ಹೊರಟವಳಿಗೆ ಒಪ್ಪಿಗೆ ಬೇಕಿಲ್ಲ. ಇಳಿದ ಮೇಲೆ ಕೆಲಸ. ಸರ್ಕಾರದ ದಾಖಲೆಯಲ್ಲಿ ಅವಳು ದುಡಿಯಲು ಹೋದವಳೇ ಅಲ್ಲ. ನಾಳೆ ಸಂಬಳ ನಿಂತರೆ ರಾಯಭಾರ ಕಚೇರಿಗೆ ತೋರಿಸಲು ಒಂದು ಕರಾರುಪತ್ರವೂ ಇರುವುದಿಲ್ಲ.

ಯಜಮಾನನ ಮೇಲೆ ಭಾರ ಹಾಕುವ ಪ್ರಯತ್ನವೂ ಒಮ್ಮೆ ನಡೆಯಿತು. ಭಾರತದಿಂದ ಮನೆಗೆಲಸಕ್ಕೆ ಹೆಂಗಸನ್ನು ಕರೆಸಿಕೊಳ್ಳುವವರು 2,500 ಡಾಲರ್ ಬ್ಯಾಂಕ್ ಗ್ಯಾರಂಟಿ ಕೊಡಬೇಕು ಅಂತ ನಿಯಮ ಬಂತು. ಕುವೈತಿಗೆ ಸಿಟ್ಟು ಬಂತು. 2017ರಲ್ಲಿ ಕುವೈತಿನ ಮಟ್ಟಿಗೆ ಭಾರತವೇ ಆ ಷರತ್ತು ಕೈಬಿಟ್ಟಿತು. ಮೂವತ್ತರ ನಿಯಮಕ್ಕೆ ಮಾತ್ರ ಏನೂ ಆಗಲಿಲ್ಲ. ಈ ನಡುವೆ, 2015ರಲ್ಲಿ, ಕುವೈತ್ ಮನೆಗೆಲಸದವರಿಗೆಂದೇ ಕಾನೂನು ಮಾಡಿ ವಾರದ ರಜೆ, ವರ್ಷಕ್ಕೆ 30 ದಿನ ಸಂಬಳದ ರಜೆ ಕೊಟ್ಟಿತು. ಒಳ್ಳೆಯದೇ. ಮನೆಯೊಳಗೆ ಹೋಗಿ ನೋಡುವವರು ಯಾರು ಅನ್ನುವುದು ಬೇರೆ ಮಾತು.

2022ರಲ್ಲಿ ಶ್ರೀಲಂಕಾದ ಖಜಾನೆಯಲ್ಲಿ ಡಾಲರ್ ಖಾಲಿಯಾಯಿತು. ಪೆಟ್ರೋಲಿಗೆ, ಔಷಧಿಗೆ ದುಡ್ಡಿರಲಿಲ್ಲ. ಆ ಜೂನ್‌ನಲ್ಲಿ ಸಂಪುಟ ಸೇರಿ, ಮನೆಗೆಲಸಕ್ಕೆ ಹೊರದೇಶಕ್ಕೆ ಹೋಗುವ ಹೆಂಗಸರ ಕನಿಷ್ಠ ವಯಸ್ಸನ್ನು 21ಕ್ಕೆ ಇಳಿಸಿತು.