ಗಾಜು ಹೆಚ್ಚಿದರೆ ಗ್ರಂಥಾಲಯಕ್ಕೆ ಬೆಳಕು ಹೆಚ್ಚುವುದಿಲ್ಲ

ತಾರಸಿಯ ಮೇಲೆ ಸೌರಫಲಕ, ಸುತ್ತಲೂ ಗಾಜಿನ ಗೋಡೆ. ಬಡಾವಣೆಯ ಗ್ರಂಥಾಲಯ ‘ಹಸಿರು ಕಟ್ಟಡ’ ಆಗಲು ಇಷ್ಟು ಸಾಕೆಂಬ ನಂಬಿಕೆ ಬೇರೂರಿಬಿಟ್ಟಿದೆ. ಫಲಕ ಇರಲಿ. ಗಾಜಿನ ಗೋಡೆ ಮಾತ್ರ ಓದುವವರ ಕಣ್ಣಿಗೂ ವಿದ್ಯುತ್ ಬಿಲ್ಲಿಗೂ ವೈರಿ.

ಬೆಳಕು ಒಳಗೆ ಎಷ್ಟು ದೂರ ಹೋಗುತ್ತದೆಂಬುದು ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ ನಿಂತಿದೆ. ಆ ಎತ್ತರದ ಸುಮಾರು ಎರಡರಷ್ಟು ದೂರಕ್ಕೆ ಓದುವಷ್ಟು ಬೆಳಕು ಸಿಗುತ್ತದೆ. 3 ಮೀಟರಿಗೆ 6 ಮೀಟರ್. ಮೊಣಕಾಲ ಮಟ್ಟದ ಗಾಜಿನಿಂದ ಬರುವುದು ಹೆಚ್ಚಾಗಿ ಬಿಸಿಯೇ. ಮೇಜಿನ ಮೇಲೆ 500 ಲಕ್ಸ್ (ಬೆಳಕಿನ ಅಳತೆ) ಇದ್ದರೆ ಓದಲು ಸಾಕು. ನೇರ ಬಿಸಿಲು ಬಿದ್ದಲ್ಲಿ ಅದು ಹತ್ತಾರು ಸಾವಿರಕ್ಕೆ ಏರುತ್ತದೆ. ಕಣ್ಣು ಕೋರೈಸಿ ಯಾರೋ ಪರದೆ ಎಳೆಯುತ್ತಾರೆ, ಕೋಣೆ ಮಬ್ಬಾಗಿ ದೀಪ ಹಾಕುತ್ತಾರೆ. ಬಿಸಿಲು ಸರಿದ ಮೇಲೆ ಪರದೆ ತೆಗೆಯುವುದು ಯಾರಿಗೂ ನೆನಪಾಗುವುದಿಲ್ಲ. ಹೊರಗೆ ನಡುಹಗಲು, ಒಳಗೆ ದೀಪ, ಜೊತೆಗೆ ಗಾಜು ತಂದ ಬಿಸಿಯನ್ನು ಹೊರದಬ್ಬಲು ಏಸಿ!

ಇದಕ್ಕೆ ಕಿಟಕಿಯನ್ನು ಎರಡು ಮಾಡಬೇಕು. ಸುಮಾರು 2.1 ಮೀಟರಿಗಿಂತ ಕೆಳಗಿನದು ಹೊರನೋಟಕ್ಕೆ, ಪರದೆ ಅದಕ್ಕಷ್ಟೇ. ಮೇಲಿನ ಪಟ್ಟಿ ಬೆಳಕಿಗೆ. ಬಿಸಿಲು ಬೀಳುವ ಕಡೆ ಎರಡರ ನಡುವೆ ಬಿಳಿಯ ಅಡ್ಡಹಲಗೆ ಹಾಕಿದರೆ, ಅದಕ್ಕೆ ತಾಗಿದ ಬಿಸಿಲು ಚಾವಣಿಗೆ ಪುಟಿದು, ಅಲ್ಲಿಂದ ಚದುರಿ, ಒಳಗಿನ ಮೇಜುಗಳ ಮೇಲೆ ಮೆತ್ತಗೆ ಇಳಿಯುತ್ತದೆ. ಚಾವಣಿಯೂ ಬಿಳಿಯಾಗಿರಲೇಬೇಕು. ಧೂಳು ಕೂತರೆ ಹಲಗೆ ನಿಷ್ಪ್ರಯೋಜಕ, ಒರೆಸಲು ಎಟಕುವಂತಿರಲಿ. ಕಪಾಟುಗಳು ಕಿಟಕಿಗೋಡೆಗೆ ಲಂಬವಾಗಿರಬೇಕು. ಸಮಾನಾಂತರವಾಗಿಟ್ಟರೆ ಮೊದಲ ಸಾಲೇ ಬೆಳಕನ್ನು ನುಂಗುತ್ತದೆ. ದೀಪದ ಸಾಲುಗಳದ್ದು ತದ್ವಿರುದ್ಧ: ಕಿಟಕಿಗೆ ಸಮಾನಾಂತರ, ಸಾಲಿಗೊಂದು ಸ್ವಿಚ್. ಇಲ್ಲದಿದ್ದರೆ ಮೂಲೆಯಲ್ಲಿ ಕೂತ ಒಬ್ಬರಿಗಾಗಿ ಕಿಟಕಿ ಪಕ್ಕದ ದೀಪವೂ ದಿನವಿಡೀ ಉರಿಯುತ್ತದೆ.

ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಗ್ರಂಥಾಲಯ ಪೂರ್ವಕ್ಕೆ ಮುಖ ಮಾಡಿರಲಿ ಎಂದಿದ್ದ. ಬೆಳಗಿನ ಬೆಳಕು ಒಂದು ಕಾರಣ; ದಕ್ಷಿಣ, ಪಶ್ಚಿಮದ ತೇವಗಾಳಿಗೆ ಹುಳು, ಬೂಷ್ಟು ಹಿಡಿಯುತ್ತದೆಂಬುದು ಇನ್ನೊಂದು. ಈಗಿನ ಟರ್ಕಿಯಲ್ಲಿರುವ ಪ್ರಾಚೀನ ರೋಮನ್ ನಗರ ಎಫೆಸಸ್‌ನ ಸೆಲ್ಸಸ್ ಗ್ರಂಥಾಲಯವೂ ಪೂರ್ವಕ್ಕೇ ಮುಖ ಮಾಡಿದೆ, ತೇವ ತಡೆಯಲು ಅದಕ್ಕೆ ಜೋಡಿಗೋಡೆ. ಇದನ್ನು ದಿಕ್ಕಿನ ಮಹಿಮೆ ಎಂದು ಓದುವವರಿದ್ದಾರೆ. ಅದು ಅಲ್ಲಿನ ಗಾಳಿಯ ಲೆಕ್ಕ. ನಮ್ಮಲ್ಲಿ ಪೂರ್ವ, ಪಶ್ಚಿಮದ ತಗ್ಗುಬಿಸಿಲು ಸಜ್ಜಾದ ಅಡಿಯಿಂದಲೇ ನುಗ್ಗುವುದರಿಂದ ಆ ಗೋಡೆಗಳಲ್ಲಿ ಕಿಟಕಿ ಕಡಿಮೆಯಿರಲಿ, ಇದ್ದರೆ ಲಂಬ ಪಟ್ಟಿಗಳ ಮರೆ ಬೇಕು.

ತೇವದ ಭಯ ಇಂದಿಗೂ ನಿಜ. ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿದಿಡಬಲ್ಲ ತೇವದಲ್ಲಿ ಈಗಿರುವ ಪಾಲು) ಶೇಕಡಾ 65 ದಾಟಿ ನಿಂತರೆ ಬೂಷ್ಟು ಶುರು. ರಾತ್ರಿಯ ತಣ್ಣನೆ ಗಾಳಿಯಿಂದ ಕಟ್ಟಡ ತಣಿಸುವ ಒಳ್ಳೆಯ ಉಪಾಯವೇ ಮಳೆಗಾಲದಲ್ಲಿ ಪುಸ್ತಕಗಳಿಗೆ ನೀರುಣಿಸುತ್ತದೆ. ಆಗ ಕಿಂಡಿ ಮುಚ್ಚಬೇಕು.

ಪುಸ್ತಕದ ಭಾರವೂ ಪರಿಸರದ ಪ್ರಶ್ನೆಯೇ. ಅಮೆರಿಕದ ಮಾನದಂಡ ಕಪಾಟಿನ ಕೋಣೆಗೆ ಚದರ ಮೀಟರಿಗೆ ಸುಮಾರು 730 ಕಿಲೋ ಹಿಡಿಯುತ್ತದೆ, ಓದುವ ಕೋಣೆಗೆ 290. ಕಪಾಟನ್ನು ಮಹಡಿಗೇರಿಸಿದರೆ ತೊಲೆ, ಕಂಬ ದಪ್ಪವಾಗಿ ಸಿಮೆಂಟು, ಉಕ್ಕು ಹೆಚ್ಚು ಸುರಿಯಬೇಕು. ಪುಸ್ತಕ ಕೆಳಗೆ, ಓದುವವರು ಮೇಲೆ. ಕೆಳಗಿಟ್ಟಾಗ ತೇವ ತಾಗದಂತೆ ಕಪಾಟನ್ನು ಹೊರಗೋಡೆಗೆ ಒತ್ತಿ ನಿಲ್ಲಿಸಬಾರದು, ಕೊನೆಯ ಹಲಗೆ ನೆಲದಿಂದ 10 ಸೆಂಟಿಮೀಟರಾದರೂ ಮೇಲಿರಬೇಕು.