ನೀರಿನ ನಾಯಿ ಬೇರೆ, ನೀರುನಾಯಿ ಬೇರೆ

ಮಳೆಗಾಲದಲ್ಲಿ ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ನಾಯಿಗಿಂತ ಮೊದಲು ಅದರ ವಾಸನೆ ಬರುತ್ತದೆ. ಹಸಿಯಾಗಿಯೇ ಮಡಚಿಟ್ಟ ಕಂಬಳಿಯ ವಾಸನೆ. ಕಳೆದ ಆಷಾಢದಲ್ಲಿ ಅದನ್ನು ಹೊತ್ತು ತಂದವನು ತೀರ್ಥಹಳ್ಳಿ ಕಡೆಯ ತೋಟದ ಮನೆಯ ಒಬ್ಬ ಪೋರ್ಚುಗೀಸ್ ವಾಟರ್ ಡಾಗ್. ಮಗ ವಿದೇಶದಿಂದ ವಾಪಸ್ ಬರುವಾಗ ಕರೆತಂದು, ನಾಯಿಯನ್ನು ಅಪ್ಪ ಅಮ್ಮನ ಹತ್ತಿರ ಬಿಟ್ಟು, ತಾನು ಬೆಂಗಳೂರು ಸೇರಿದ್ದ. ಈ ಕಥೆ ನಮ್ಮ ಕಡೆ ಹೊಸದಲ್ಲ ಬಿಡಿ, ತಳಿ ಮಾತ್ರ ಹೊಸದು.

ಕಪ್ಪು ಗುಂಗುರು ಕೂದಲು, ಜೋತುಬಿದ್ದ ಕಿವಿ, ಇಪ್ಪತ್ತೆರಡು ಕೆಜಿ ತೂಕ. ಕಂಕುಳಲ್ಲಿ ಕೂದಲು ಜಡೆಗಟ್ಟಿತ್ತು. ಕತ್ತರಿಸಿ ನೋಡಿದರೆ ಕೆಳಗೆ ಚರ್ಮ ಕೆಂಪಾಗಿ ರಸ ಸೋರುತ್ತಿತ್ತು. ಯಜಮಾನರು ಆರಾಮಾಗಿ ಹೇಳಿದರು: "ಇದು ನೀರುನಾಯಿ ಅಲ್ವಾ ಡಾಕ್ಟ್ರೇ, ನೆಂದರೆ ಎಂತ ಆಗುತ್ತೆ?"

ಲ್ಯಾಬ್ರಡಾರ್ ಸಾಕಿದವರೂ, ಕಾಕರ್ ಸ್ಪೇನಿಯಲ್ ಸಾಕಿದವರೂ ನನಗೆ ಹೇಳುವುದು ಇದನ್ನೇ. ಪ್ರತಿ ಜುಲೈನಲ್ಲೂ ಕೇಳುತ್ತೇನೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಹೊಳೆಯ ನೀರುನಾಯಿ ನಾಯಿಯೇ ಅಲ್ಲ. ಅದರ ತುಪ್ಪಳಕ್ಕೆ ಎರಡು ಪದರ. ಒಳಗಿನದು ಎಷ್ಟು ದಟ್ಟ ಎಂದರೆ ಕೂದಲ ನಡುವೆ ಗಾಳಿ ನಿಲ್ಲುತ್ತದೆ, ನೀರು ಚರ್ಮ ಮುಟ್ಟುವುದಿಲ್ಲ. ಅದು ಮುಳುಗಿ ಎದ್ದರೂ ಒಳಗೆ ಒಣಗಿಯೇ ಇರುತ್ತದೆ. ಪೋರ್ಚುಗೀಸ್ ನಾಯಿಗೆ ಇರುವುದು ಒಂದೇ ಪದರ. ನೀರು ನೇರ ಚರ್ಮಕ್ಕೆ ಇಳಿಯುತ್ತದೆ, ಗುಂಗುರಿನಲ್ಲಿ ಸಿಕ್ಕಿಕೊಂಡು ಅಲ್ಲೇ ಕೂರುತ್ತದೆ. ಈ ಕೂದಲು ಉದುರುವುದು ಬಹಳ ಕಡಿಮೆ, ಬೆಳೆಯುತ್ತಲೇ ಇರುತ್ತದೆ. ಬಾಚದಿದ್ದರೆ ಗಂಟು. ಗಂಟಿನೊಳಗೆ ನೀರು.

ಹಾಗಂತ ಈಜುವುದರಲ್ಲಿ ಅದನ್ನು ಮೀರಿಸುವವರು ಕಡಿಮೆ. ಕಾಲ್ಬೆರಳುಗಳ ನಡುವೆ ಬಾತುಕೋಳಿಯ ಹಾಗೆ ಪೊರೆ ಇದೆ. ಪೋರ್ಚುಗಲ್ಲಿನ ಮೀನುಗಾರರು ಮೀನನ್ನು ಬಲೆಯತ್ತ ಅಟ್ಟಲು, ನೀರಿಗೆ ಬಿದ್ದ ಬಲೆ ತರಲು, ದೋಣಿಯಿಂದ ದೋಣಿಗೆ ಸುದ್ದಿ ಒಯ್ಯಲು ಇದನ್ನು ಸಾಕಿದ್ದರು. 1930ರ ದಶಕದ ಹೊತ್ತಿಗೆ ತಳಿಯೇ ಅಳಿಯುವ ಸ್ಥಿತಿ. ಆಗ ವಾಸ್ಕೊ ಬೆನ್ಸೌದೆ ಎಂಬ ಹಡಗು ವ್ಯಾಪಾರಿ ಉಳಿದ ನಾಯಿಗಳನ್ನು ಹುಡುಕಿ ತಳಿ ಉಳಿಸಿದ. 2009ರಲ್ಲಿ ಒಬಾಮಾ ಮನೆಗೆ 'ಬೋ' ಬಂದ ಮೇಲೆ ಎಲ್ಲರಿಗೂ ಇದು ಬೇಕಾಯಿತು. ಆದರೆ ಇದರ ತವರಾದ ಪೋರ್ಚುಗಲ್ಲಿನ ಅಲ್ಗಾರ್ವೆ ಕರಾವಳಿಯಲ್ಲಿ ಬೇಸಗೆ ಎಂದರೆ ಒಣ ಬಿಸಿಲು. ನಮ್ಮಲ್ಲಿ ಜೂನ್ ಹಿಡಿದರೆ ಹಗ್ಗದ ಮೇಲಿನ ಲುಂಗಿಯೇ ವಾರಗಟ್ಟಲೆ ಒಣಗಲ್ಲ.

ಯಜಮಾನರಿಗೆ ಇಷ್ಟು ಹೇಳಿದರೂ ಅರ್ಥವಾಗಲಿಲ್ಲ. ಕೊನೆಗೆ ಕೇಳಿದೆ, "ಮೇಲೆ ಒಣಗಿ ಒಳಗೆ ಹಸಿ ಇರುವ ಅಡಿಕೆಯನ್ನು ಚೀಲಕ್ಕೆ ತುಂಬ್ತೀರಾ?" "ಬೂಸ್ಟು ಹಿಡಿಯುತ್ತಲ್ಲ ಮಾರಾಯ್ರೇ!" ಎಂದರು. ಆಮೇಲೆ ನಾಯಿಯ ಕಡೆ ನೋಡಿ ಸುಮ್ಮನಾದರು.

ಟವೆಲ್‌ನಲ್ಲಿ ಬೆನ್ನು ಒರೆಸಿದರೆ ಒಣಗಿದಂತೆ ಅಲ್ಲ. ಕಂಕುಳು, ತೊಡೆಸಂದು, ಬೆರಳ ಸಂದು, ಕತ್ತಿನ ಪಟ್ಟಿಯ ಕೆಳಗೆ ಕೂದಲು ಬಿಡಿಸಿ ಚರ್ಮ ಮುಟ್ಟಿ ನೋಡಬೇಕು. ಹಾಗೆ ಬೆರಳು ಆಡಿಸುವಾಗಲೇ ಉಣುಗೂ ಸಿಗುತ್ತದೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ನಮ್ಮ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. ಇಲ್ಲಿಯವರಿಗೆ ಉಣುಗಿನ ಬಗ್ಗೆ ನಾನು ಜಾಸ್ತಿ ಹೇಳಬೇಕಿಲ್ಲ. ಬರಿಗೈಯಲ್ಲಿ ಹಿಸುಕಬೇಡಿ, ಅಷ್ಟೇ.

ಕಿವಿ ಇನ್ನೊಂದು ಕಥೆ. ನಾಯಿಯ ಕಿವಿನಾಳ ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಮೇಲೆ ಜೋತುಬಿದ್ದ ಕಿವಿಯ ಮುಚ್ಚಳ ಬೇರೆ. ತಲೆ ಕೊಡವುತ್ತಿದ್ದರೆ ಕೊಬ್ಬರಿ ಎಣ್ಣೆ ಹಾಕಬೇಡಿ, ಮನೆಯಲ್ಲಿ ಉಳಿದ ಹಳೇ ಡ್ರಾಪ್ಸ್ ಕೂಡ ಬೇಡ. ಕಿವಿಯ ತಮಟೆ ಹರಿದಿದ್ದರೆ ಅದರಿಂದಲೇ ಹಾನಿ. ಹಾಗೆಂದು ಎಲ್ಲ ತುರಿಕೆಗೂ ಒದ್ದೆಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ಚಿಗಟ ಇರಬಹುದು, ಆಹಾರ ಒಗ್ಗದೆ ಇರಬಹುದು. ನೋಡದೆ ಫೋನಿನಲ್ಲಿ ಮದ್ದು ಹೇಳಲು ಆಗುವುದಿಲ್ಲ.

ಆ ಮನೆಯಲ್ಲಿ ಈಗ ಹೊಳೆಯಿಂದ ಬಂದ ನಾಯಿಯನ್ನು ಅಮ್ಮನೇ ಬಚ್ಚಲ ಒಲೆಯಿಂದ ಎರಡು ಮಾರು ದೂರ ಕೂರಿಸಿ ಹಳೇ ಪಂಚೆಯಲ್ಲಿ ಒರೆಸಿ ಬಾಚುತ್ತಾರಂತೆ. ಯಜಮಾನರ ದೂರು ಒಂದೇ: ಬಿಸಿನೀರಿನ ಸರದಿ ಈಗ ತಮಗೆ ನಾಯಿಯ ನಂತರ ಬರುತ್ತದೆ.