ಇ.ಎಫ್. 58 ಅಂದ್ರೆ ಅರ್ಧ ಹೃದಯ ಅಲ್ಲ

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪ ಶಿವಮೊಗ್ಗದಲ್ಲಿ ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಮಾಡಿಸಿಕೊಂಡು ಬಂದವರೇ ರಿಪೋರ್ಟನ್ನು ನನ್ನ ಮುಂದೆ ಹಿಡಿದರು. ‘ಎಲ್‌ವಿಇಎಫ್ 58%’ ಅಂತಿತ್ತು. “ಹಾರ್ಟು ಅರ್ಧಕ್ಕರ್ಧ ಹೋಯ್ತಲ್ಲೋ ಮಾರಾಯ!”

ಹೋಗಿರಲಿಲ್ಲ. ಇದು ನೂರಕ್ಕೆ ನೂರು ತೆಗೆಯುವ ಪರೀಕ್ಷೆಯೇ ಅಲ್ಲ. ಎಲ್‌ವಿ ಅಂದರೆ ಹೃದಯದ ಎಡ ಕೆಳಕೋಣೆ, ಇ.ಎಫ್. ಅಂದರೆ ಇಜೆಕ್ಷನ್ ಫ್ರಾಕ್ಷನ್. ಆ ಕೋಣೆ ತುಂಬಿದಾಗ ಇದ್ದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಯಿತು ಅನ್ನುವ ಲೆಕ್ಕ. 120 ಎಂ.ಎಲ್. ತುಂಬಿ, ಬಡಿದ ಮೇಲೆ 50 ಒಳಗೇ ಉಳಿದರೆ ಹೋದದ್ದು 70. ಅಂದರೆ ನೂರಕ್ಕೆ 58. ಆರೋಗ್ಯವಂತರ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ. ಸುಮಾರು 55ರಿಂದ 70 ಇದ್ದರೆ ಸರಿಯಾಗಿದೆ ಅಂತ. 40 ಅಥವಾ ಅದಕ್ಕಿಂತ ಕೆಳಗೆ ಬಂದರೆ ಪಂಪ್ ಮಾಡುವ ಶಕ್ತಿ ಕುಗ್ಗಿದೆ ಅಂತ.

ಆರು ತಿಂಗಳ ಮೇಲೆ ಬೇರೊಂದು ಕಡೆ ಮಾಡಿಸಿದರೆ 52 ಬಂತು. ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಆದರೆ ಆ ಆರು ಅಂಕ ಹೃದಯದ್ದೋ, ಅಳತೆಯದ್ದೋ?

ಎಕೋದಲ್ಲಿ ಎಡಮಗ್ಗುಲಿಗೆ ಮಲಗಿಸಿ, ಜೆಲ್ ಹಚ್ಚಿ, ಪಕ್ಕೆಲುಬಿನ ಸಂದಿಯಿಂದ ಶಬ್ದದ ಅಲೆ ಬಿಟ್ಟು ನೋಡುತ್ತಾರೆ. ಎರಡು ನೋಟಗಳಲ್ಲಿ ಕೋಣೆಯ ಅಂಚಿನ ಗೆರೆ ಎಳೆಯುತ್ತಾರೆ. ಮಿಷನ್ ಆ ಗೆರೆಯೊಳಗೆ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಲೆಕ್ಕ ಹಾಕಿ ಗಾತ್ರ ಹೇಳುತ್ತದೆ. ಇದಕ್ಕೆ ಸಿಂಪ್ಸನ್ ವಿಧಾನ ಅಂತ ಹೆಸರು. ಗೆರೆ ಸ್ವಲ್ಪ ಒಳಗೆ ಹೊರಗೆ ಆದರೂ ಅಂಕ ಬದಲು. ಎಷ್ಟೋ ಸಲ ಅನುಭವಸ್ಥರು ಬಡಿತ ನೋಡಿಯೇ ಅಂದಾಜು ಬರೆಯುತ್ತಾರೆ. ನಮ್ಮ ಕಡೆ ಚೇಣಿಗೆ, ಅಂದ್ರೆ ಫಸಲಿನ ಗುತ್ತಿಗೆಗೆ, ಅಡಿಕೆ ತೋಟ ಹಿಡಿಯುವವರು ಮರದ ಮೇಲಿನ ಗೊನೆ ನೋಡಿ ಇಷ್ಟು ಕ್ವಿಂಟಾಲ್ ಅನ್ನುತ್ತಾರಲ್ಲ, ಹಾಗೆ. ಪಳಗಿದ ಕಣ್ಣು ಜಾಸ್ತಿ ತಪ್ಪುವುದಿಲ್ಲ. ಆದರೆ ಇಬ್ಬರು ನೋಡಿದರೆ ಐದಾರು ಅಂಕ ಹೆಚ್ಚುಕಮ್ಮಿ ಆಗುವುದು ಮಾಮೂಲು. ಮೈ ದಪ್ಪ ಇದ್ದರೆ, ಶ್ವಾಸಕೋಶ ಹಿಗ್ಗಿದ್ದರೆ ಚಿತ್ರವೇ ಮಸುಕು.

ಎಂ.ಆರ್.ಐ. ಮಾತ್ರ ಅಡಿಕೆ ಇಳಿಸಿ ತಕ್ಕಡಿಗೆ ಹಾಕಿದ ಹಾಗೆ. ಹೃದಯದ ಬುಡದಿಂದ ತುದಿವರೆಗೆ ಹೋಳು ಹೋಳಾಗಿ ಚಿತ್ರ ತೆಗೆಯುವುದರಿಂದ ಕೋಣೆ ಯಾವ ಆಕಾರದಲ್ಲಿದೆ ಅಂತ ಊಹಿಸಬೇಕಿಲ್ಲ. ವಿಕಿರಣವೂ ಇಲ್ಲ. ಕಷ್ಟ ಏನಂದರೆ ಸುರಂಗದಂಥ ಮಿಷನ್ನಿನೊಳಗೆ ಅರ್ಧ ಮುಕ್ಕಾಲು ಗಂಟೆ ಮಲಗಬೇಕು, ಮತ್ತೆ ಮತ್ತೆ ಉಸಿರು ಹಿಡಿಯಬೇಕು. ಖರ್ಚೂ ಜಾಸ್ತಿ. ಬಡಿತದ ತಾಳ ತಪ್ಪಿದ್ದರೆ ಚಿತ್ರ ಕಲಸಿಹೋಗಬಹುದು. ಅದಕ್ಕೇ ಎಲ್ಲರಿಗೂ ಬರೆಯುವುದಿಲ್ಲ.

ಮುಗಾ ಸ್ಕ್ಯಾನಿನದು ಬೇರೆ ಉಪಾಯ. ಕೆಂಪು ರಕ್ತಕಣಗಳಿಗೆ ಟೆಕ್ನೀಷಿಯಂ ಅನ್ನುವ ವಿಕಿರಣ ಪದಾರ್ಥ ಅಂಟಿಸಿ, ಕೋಣೆ ತುಂಬಿದಾಗ ಎಷ್ಟು, ಕುಗ್ಗಿದಾಗ ಎಷ್ಟು ಅಂತ ಕ್ಯಾಮೆರಾ ಎಣಿಸುತ್ತದೆ. ಕೆಲವು ಕ್ಯಾನ್ಸರ್ ಔಷಧಿಗಳು ಹೃದಯಕ್ಕೆ ಪೆಟ್ಟು ಕೊಡುವುದರಿಂದ, ಅಂಥವರಲ್ಲಿ ಇದನ್ನು ಬಹಳ ಬಳಸಿದ್ದಾರೆ. ಸಿ.ಟಿ.ಯಲ್ಲೂ ಇ.ಎಫ್. ಸಿಗುತ್ತದೆ, ಆದರೆ ಬರೀ ಇದಕ್ಕಂತ ವಿಕಿರಣ, ಡೈ ಯಾಕೆ ಅಲ್ವಾ?

ಇನ್ನೊಂದು ಮಾತು. ಇ.ಎಫ್. 60 ಇದ್ದೂ ಏದುಸಿರು ಬಿಡುವವರಿದ್ದಾರೆ. ಅವರ ಹೃದಯ ಹಿಂಡುವುದರಲ್ಲಿ ಸರಿ, ಸಡಿಲಾಗಿ ತುಂಬಿಕೊಳ್ಳುವುದರಲ್ಲಿ ಬಿಗಿ. ಅಂಕ ನೋಡಿ ಸುಮ್ನೆ ಕೂರುವ ಹಾಗಿಲ್ಲ.

ಡಾಕ್ಟರು ಎರಡೂ ರಿಪೋರ್ಟು ಅಕ್ಕಪಕ್ಕ ಇಟ್ಟು, ಮೆಟ್ಟಿಲು ಹತ್ತುವಾಗ ಹೇಗಾಗುತ್ತೆ, ಕಾಲು ಊದುತ್ತಾ ಅಂತ ಕೇಳಿದರು. “ಇದು ಇಳಿದದ್ದು ಅಂತ ಹೇಳಕ್ಕಾಗಲ್ಲ. ಮುಂದಿನ ಸಲ ಮೊದಲಿನ ಕಡೆಯೇ ಮಾಡಿಸಿ” ಅಂದರು. ದೊಡ್ಡಪ್ಪ ರಿಪೋರ್ಟು ಮಡಚಿ ಜೇಬಿಗೆ ಹಾಕಿಕೊಂಡರು. “ಅದೇ ಚೇಣಿದಾರನ್ನೇ ಕರೀಬೇಕು ಅನ್ನಿ.”